ಗಡಿನಾಡಿನ ಖಾನಾವಳಿ: ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಭಾಗದ ರೊಟ್ಟಿ ಊಟದ ಮನೆಗಳು

ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲೆ ಹಾಗೂ ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನಲ್ಲಿ ಜೋಳದ ರೊಟ್ಟಿಯ ಊಟವನ್ನು ಬೆಲೆಗೆ ಬಡಿಸುವ ಚಿಕ್ಕ ಊಟದ ಮನೆಗೆ ಖಾನಾವಳಿ ಎನ್ನುತ್ತಾರೆ. ಮರಾಠಿಯಲ್ಲಿ ಇದೇ ಖಾನಾವಳ. ವಿಜಯಪುರ, ಕಲಬುರಗಿ, ಬಾಗಲಕೋಟೆ, ಧಾರವಾಡಗಳಲ್ಲಿಯೂ ಖಾನಾವಳಿಗಳಿವೆ. ಆದರೆ ಗಡಿಯ ಈ ತಾಲೂಕುಗಳಲ್ಲಿ ಅವು ಊಟದ ಜೊತೆಗೆ ಇನ್ನೊಂದು ಹೊಣೆಯನ್ನೂ ಹೊತ್ತಿವೆ. ಮನೆಯ ಹೊರಗೆ, ನಾಲ್ಕು ಜನರ ನಡುವೆ, ಕನ್ನಡವು ಸಹಜವಾಗಿ ವ್ಯವಹಾರದ ಮಾತಾಗಿ ಉಳಿದಿರುವ ಕೆಲವೇ ಸ್ಥಳಗಳಲ್ಲಿ ಖಾನಾವಳಿಯೂ ಒಂದು.

ಹಿನ್ನೆಲೆ

ಖಾನಾವಳಿಯ ಮೂಲ ರೂಪ ತಿಂಗಳ ಲೆಕ್ಕದ ಊಟ. ಊರು ಬಿಟ್ಟು ದುಡಿಯಲು ಅಥವಾ ಓದಲು ಬಂದವನು ತಿಂಗಳಿಗೆ ಇಷ್ಟೆಂದು ಹಣ ಕೊಟ್ಟು ಎರಡು ಹೊತ್ತು ಉಣ್ಣುವ ವ್ಯವಸ್ಥೆ ಅದು. 19ನೆಯ ಶತಮಾನದ ಕೊನೆಯ ಭಾಗದಲ್ಲಿ ಸೊಲ್ಲಾಪುರದಲ್ಲಿ ಬಟ್ಟೆ ಗಿರಣಿಗಳು ಆರಂಭವಾದ ಮೇಲೆ ಸುತ್ತಲಿನ ಕನ್ನಡ, ಮರಾಠಿ, ತೆಲುಗು ಪ್ರದೇಶಗಳಿಂದ ಕಾರ್ಮಿಕರು ಇಲ್ಲಿಗೆ ಬಂದರು. ಹೆಂಡತಿ ಮಕ್ಕಳನ್ನು ಊರಲ್ಲಿ ಬಿಟ್ಟು ಬಂದವರಿಗೆ ಮನೆಯ ರುಚಿಯ ಅನ್ನ ಬೇಕಿತ್ತು. ಇಂಥ ಊಟವನ್ನು ಬೇಯಿಸಿ ಬಡಿಸುವ ಕೆಲಸವು ವಿಧವೆಯರಿಗೂ ಬಡ ಕುಟುಂಬದ ಹೆಣ್ಣುಮಕ್ಕಳಿಗೂ ಸ್ವಂತ ದುಡಿಮೆಯ ದಾರಿಯಾಯಿತು. ದೊಡ್ಡ ಗಿರಣಿಗಳು ಮುಚ್ಚಿದ ಬಳಿಕವೂ ಈ ಪದ್ಧತಿ ಅಳಿಯಲಿಲ್ಲ. ಇಂದು ವಿದ್ಯಾರ್ಥಿಗಳು, ಬಾಡಿಗೆ ಕೋಣೆಯ ನೌಕರರು, ಸಂತೆ ಹಾಗೂ ಆಸ್ಪತ್ರೆಗಳಿಗೆ ಬರುವ ಹಳ್ಳಿಗರು ಅದರ ಗಿರಾಕಿಗಳು. ತಿಂಗಳ ಡಬ್ಬಿ ತರಿಸಿಕೊಳ್ಳುವ ರೂಢಿಯೂ ಇದೆ.

ತಾಟಿನಲ್ಲಿ ಇರುವುದು

ಸಸ್ಯಾಹಾರಿ ಖಾನಾವಳಿಯ ತಾಟಿನಲ್ಲಿ ಬಿಸಿ ರೊಟ್ಟಿ ಅಥವಾ ಕಡಕ್ ರೊಟ್ಟಿ, ಎಣಗಾಯಿ, ಮಡಕಿ ಇಲ್ಲವೆ ಹೆಸರುಕಾಳಿನ ಪಲ್ಯ, ಜುಣಕ, ಶೇಂಗಾ ಹಿಂಡಿ, ಮೊಸರು, ಹಸಿ ಉಳ್ಳಾಗಡ್ಡಿ, ಕೊನೆಗೆ ಅನ್ನ ಮತ್ತು ಬೇಳೆಯ ಸಾರು ಇರುತ್ತವೆ. ಎಣಗಾಯಿ ಎಂದರೆ ಎಳೆಯ ಬದನೆಕಾಯಿಯನ್ನು ತೊಟ್ಟು ಬಿಡದೆ ನಾಲ್ಕಾಗಿ ಸೀಳಿ, ಶೇಂಗಾ, ಎಳ್ಳು, ಕೊಬ್ಬರಿ, ಖಾರದ ಮಸಾಲೆ ತುಂಬಿ ಎಣ್ಣೆಯಲ್ಲಿ ಬೇಯಿಸಿದ್ದು. ಜುಣಕವು ಕಡಲೆಹಿಟ್ಟಿನ ಗಟ್ಟಿ ಅಡುಗೆ. ಅದನ್ನೇ ತೆಳ್ಳಗೆ ಕಾಸಿದರೆ ಪಿಟ್ಲ. ಪುಂಡಿಪಲ್ಯವನ್ನು ಪಕ್ಕದ ಮೇಜಿನವರು ಅಂಬಾಡಿ ಎಂದು ಕೇಳಿದರೂ, ರೊಟ್ಟಿಯನ್ನು ಭಾಕರಿ ಎಂದು ಕರೆದರೂ, ಬರುವುದು ಒಂದೇ ಪಾತ್ರೆಯಿಂದ. ಸಂಕ್ರಾಂತಿಯ ಹಿಂದಿನ ದಿನ, ಭೋಗಿಯಂದು, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಮತ್ತು ಕಾಳು ಕಾಯಿಪಲ್ಲೆಗಳನ್ನು ಬೆರೆಸಿದ ಪಲ್ಯ ಬರುತ್ತದೆ. ಸೊಲ್ಲಾಪುರದ ಸಿದ್ಧರಾಮೇಶ್ವರ ಜಾತ್ರೆ ನಡೆಯುವುದೂ ಅದೇ ದಿನಗಳಲ್ಲಿ.

ಮಾಂಸಾಹಾರಕ್ಕೆ ಸಾವಜಿ ಖಾನಾವಳಿಗಳು ಬೇರೆ. ಹುಬ್ಬಳ್ಳಿ, ಗದಗಗಳಲ್ಲಿಯೂ ಹೆಸರಾದ ಈ ಖಾರದ ಅಡುಗೆಯು ನೇಕಾರಿಕೆಯ ಹಿನ್ನೆಲೆಯುಳ್ಳ ಸೋಮವಂಶ ಸಹಸ್ರಾರ್ಜುನ ಕ್ಷತ್ರಿಯ ಸಮಾಜದ್ದು.

ರೊಟ್ಟಿಯ ಕೆಲಸ

ಖಾನಾವಳಿಯ ಹೆಸರು ನಿಲ್ಲುವುದೂ ಕೆಡುವುದೂ ರೊಟ್ಟಿಯಿಂದ. ಗೋಧಿಯ ಹಿಟ್ಟಿನಂತೆ ಜೋಳದ ಹಿಟ್ಟಿಗೆ ಜಿಗಿಯಿಲ್ಲ. ಆದುದರಿಂದ ಕುದಿಯುವ ನೀರು ಸುರಿದು ನಾದಬೇಕು. ಆ ಬಿಸಿಗೆ ಹಿಟ್ಟಿನ ಪಿಷ್ಟ ಅರ್ಧ ಬೆಂದು ಅಂಟು ಹುಟ್ಟುತ್ತದೆ. ಬಳಿಕ ಉಂಡೆಯನ್ನು ಒಣ ಹಿಟ್ಟಿನ ಮೇಲೆ ಅಂಗೈಯಿಂದ ತಿರುಗಿಸುತ್ತ ಬಡಿದು ಅಗಲ ಮಾಡಿ ಹಂಚಿಗೆ ಹಾಕುತ್ತಾರೆ. ಮೇಲ್ಭಾಗಕ್ಕೆ ನೀರು ಸವರಿ, ತಿರುವಿ, ಕಡೆಗೆ ಉರಿಯ ಮೇಲಿಟ್ಟಾಗ ರೊಟ್ಟಿ ಉಬ್ಬುತ್ತದೆ. ತೆಳ್ಳಗೆ ಬಡಿದು ಪೂರ್ತಿ ಒಣಗಿಸಿದ ಕಡಕ್ ರೊಟ್ಟಿ ವಾರಗಟ್ಟಲೆ ಕೆಡದು.

ಇದಕ್ಕೆ ಬೇಕಾದ ಜೋಳ ಈ ನೆಲದ್ದೇ. ಕಪ್ಪು ಎರೆಮಣ್ಣಿನ ತೇವದ ಬಲದಿಂದಲೇ ಬೆಳೆಯುವ ಹಿಂಗಾರಿ ಬೆಳೆ ಅದು. ಮಾಲದಂಡಿ ಇದರಲ್ಲಿ ಪ್ರಸಿದ್ಧ ತಳಿ. ಬಸವಣ್ಣನವರು ಕರಣಿಕರಾಗಿದ್ದ ಮಂಗಳವೇಢೆ ಇದೇ ಜಿಲ್ಲೆಯಲ್ಲಿದ್ದು, ಅಲ್ಲಿಯ ಜೋಳಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ. ಆದರೆ ನೀರಾವರಿ ತಲುಪಿದಲ್ಲೆಲ್ಲ ಕಬ್ಬು, ದ್ರಾಕ್ಷಿ, ದಾಳಿಂಬೆಗಳು ಹೆಚ್ಚಿ ಹಿಂಗಾರಿ ಜೋಳದ ನೆಲ ಕುಗ್ಗಿದೆ. ಬಡವರ ಊಟವೆನಿಸಿದ್ದ ರೊಟ್ಟಿ ಈಗ ಅಗ್ಗವಲ್ಲ.

ಫಲಕ ಮತ್ತು ಮಾತು

1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ವಿಜಯಪುರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಸೊಲ್ಲಾಪುರ ಮುಂಬಯಿ ರಾಜ್ಯದಲ್ಲಿ ಉಳಿದು 1960ರಲ್ಲಿ ಮಹಾರಾಷ್ಟ್ರದ ಭಾಗವಾಯಿತು. ಅಕ್ಕಲಕೋಟೆ ತಾಲೂಕು ಹಾಗೂ ದಕ್ಷಿಣ ಸೊಲ್ಲಾಪುರ ತಾಲೂಕಿನ ಹಳ್ಳಿಗಳು ಮೈಸೂರಿಗೆ ಸೇರಬೇಕೆಂದು ಮಹಾಜನ ಆಯೋಗ 1967ರಲ್ಲಿ ಮಾಡಿದ ಶಿಫಾರಸು ಜಾರಿಗೆ ಬರಲಿಲ್ಲ. ಗಡಿರೇಖೆಯ ಎರಡೂ ಬದಿಯಲ್ಲಿ ತಾಟು ಮಾತ್ರ ಒಂದೇ ಆಗಿ ಉಳಿಯಿತು.

ಬದಲಾದದ್ದು ಫಲಕ. ಮಹಾರಾಷ್ಟ್ರವು 2022ರಲ್ಲಿ ತನ್ನ ಅಂಗಡಿ ಮತ್ತು ಸಂಸ್ಥೆಗಳ ಕಾಯಿದೆಯನ್ನು ತಿದ್ದಿ, ಹತ್ತಕ್ಕಿಂತ ಕಡಿಮೆ ಕೆಲಸಗಾರರಿರುವ ಅಂಗಡಿಗಳೂ ದೇವನಾಗರಿ ಲಿಪಿಯ ಮರಾಠಿಯಲ್ಲಿ ಹೆಸರು ಬರೆಯಿಸುವುದನ್ನು ಕಡ್ಡಾಯಗೊಳಿಸಿತು. ಇನ್ನೊಂದು ಭಾಷೆಯನ್ನು ಕಾನೂನು ನಿಷೇಧಿಸಿಲ್ಲ. ಮರಾಠಿ ಅಕ್ಷರಗಳು ಮೊದಲಿರಬೇಕು, ಬೇರೆ ಲಿಪಿಗಿಂತ ಚಿಕ್ಕದಿರಬಾರದು ಎಂಬುದಷ್ಟೇ ನಿಯಮ. ಮರಾಠಿಯ ಕೆಳಗೆ ಕನ್ನಡದಲ್ಲಿ ಹೆಸರು ಬರೆಯಿಸುವುದು ಮಾಲೀಕನ ಇಚ್ಛೆಗೆ ಬಿಟ್ಟದ್ದು. ಈ ಅವಕಾಶ ಇದೆಯೆಂಬುದನ್ನು ನಮ್ಮ ವ್ಯಾಪಾರಿಗಳು ತಿಳಿದಿರುವುದು ಒಳಿತು.

ಹಾಗೆಂದು ಫಲಕವನ್ನು ನೋಡಿ ಒಳಗಿನ ಭಾಷೆಯನ್ನು ಅಳೆಯಲಾಗದು. ಹೊರಗೆ ದೇವನಾಗರಿಯಲ್ಲಿ ಬಸವೇಶ್ವರನ ಹೆಸರಿದ್ದರೆ, ಒಳಗೆ "ಇನ್ನೊಂದ್ ರೊಟ್ಟಿ ಹಾಕಲೇನ್ರೀ?" ಎಂಬ ಪ್ರಶ್ನೆ ಕನ್ನಡದಲ್ಲಿಯೇ ಬರುವುದುಂಟು. ಗಿರಾಕಿ ಮರಾಠಿಯಲ್ಲಿ ಕೇಳಿದರೆ ಉತ್ತರ ಮರಾಠಿಯಲ್ಲಿ, "ಅಕ್ಕಾರ, ಬಿಸಿ ರೊಟ್ಟಿ ಐತೇನ್ರಿ?" ಎಂದರೆ ಉತ್ತರ ಕನ್ನಡದಲ್ಲಿ. ಇಲ್ಲಿ ಭಾಷೆಯನ್ನು ಆರಿಸುವವನು ಗಿರಾಕಿಯೇ. ಕನ್ನಡಿಗನೇ ಸಂಕೋಚದಿಂದ ಮರಾಠಿಗೆ ಹೊರಳಿದರೆ ಬಡಿಸುವವರು ಅವನನ್ನು ಅನುಸರಿಸುತ್ತಾರೆ.

ಮುಂದಿನ ಪ್ರಶ್ನೆ

ಖಾನಾವಳಿಯ ದೊಡ್ಡ ಕೊರತೆ ಇಂದು ಗಿರಾಕಿಯದಲ್ಲ, ರೊಟ್ಟಿ ಬಡಿಯುವ ಕೈಗಳದು. ಹೊಗೆ, ಉರಿ, ಗಂಟೆಗಟ್ಟಲೆ ಕುಳಿತು ದುಡಿಯುವ ಈ ಕೆಲಸವನ್ನು ಮುಂದಿನ ತಲೆಮಾರಿನ ಹೆಣ್ಣುಮಕ್ಕಳು ಬೇಡವೆಂದರೆ ಅದು ನ್ಯಾಯವೇ. ರೊಟ್ಟಿಯ ಯಂತ್ರಗಳು ಬಂದಿವೆ. ಅವು ಕೈಯ ಶ್ರಮವನ್ನು ಕಡಿಮೆ ಮಾಡಬಲ್ಲವು. ಆದರೆ ಎಣಗಾಯಿ, ಪುಂಡಿಪಲ್ಯ, ಗುರೆಳ್ಳು ಹಿಂಡಿ ಎಂಬ ಹೆಸರುಗಳನ್ನು ಉಳಿಸುವುದು ಯಂತ್ರದ ಕೆಲಸವಲ್ಲ. ದರಪಟ್ಟಿಯಲ್ಲಿ ಆ ಹೆಸರುಗಳು ಮರಾಠಿಯ ಪಕ್ಕದಲ್ಲಿ ಕನ್ನಡದಲ್ಲಿಯೂ ಕಾಣಿಸಿದರೆ, ಕನ್ನಡ ಶಾಲೆಯಲ್ಲಿ ಅಕ್ಷರ ಕಲಿತ ಮಗುವಿಗೆ ಅದನ್ನು ಓದಲು ಶಾಲೆಯ ಹೊರಗೂ ಒಂದು ಜಾಗ ಸಿಗುತ್ತದೆ.