ಫಿಜಿಯ ಕಬ್ಬಿನ ರೈಲು: ಟಿಕೆಟ್ ಪುಕ್ಕಟೆ, ಹಳಿ ಕಂಪನಿಯದು

ಫಿಜಿಯಲ್ಲಿ ಟಿಕೆಟ್ಟೇ ಇಲ್ಲದ ಪ್ಯಾಸೆಂಜರ್ ರೈಲೊಂದು ದಶಕಗಳ ಕಾಲ ಓಡಿತ್ತು ಅಂತ ಮೊದಲು ಓದಿದಾಗ ನನಗೆ ಖುಷಿಯಾಗಿತ್ತು. ಆ ಹಳಿ ಹಾಕಿದ್ದು ಯಾರು, ಯಾಕೆ ಅಂತ ಹುಡುಕಿದ ಮೇಲೆ ಕಥೆ ಬೇರೆಯೇ ಆಯ್ತು.

ಪೆಸಿಫಿಕ್ ಸಾಗರದ ಈ ದ್ವೀಪಗಳು 1874ರಲ್ಲಿ ಬ್ರಿಟಿಷ್ ವಸಾಹತಾದವು. ಕಬ್ಬಿನ ತೋಟಗಳಿಗೆ ಕೂಲಿಗಳು ಬೇಕಿತ್ತು, ಭಾರತದಿಂದ ತಂದರು. 1879ರಲ್ಲಿ ಕಲ್ಕತ್ತಾದಿಂದ 'ಲಿಯೊನಿಡಾಸ್' ಹಡಗು ಬಂತು. 1903ರಿಂದ ಮದ್ರಾಸಿನಿಂದಲೂ ಹಡಗುಗಳು ಹೊರಟವು. 1916ರ ಹೊತ್ತಿಗೆ 60 ಸಾವಿರಕ್ಕೂ ಹೆಚ್ಚು ಜನ ಹೋಗಿದ್ದರು. 'ಅಗ್ರಿಮೆಂಟ್' ಅವರ ಬಾಯಲ್ಲಿ 'ಗಿರ್ಮಿಟ್' ಆಯ್ತು. (ಧಾರವಾಡದವರಿಗೆ ಬಾಯಲ್ಲಿ ನೀರೂರಬಹುದು, ಇದು ಬೇರೆ.) ಐದು ವರ್ಷದ ಕರಾರು, ಕೆಲಸ ತಪ್ಪಿಸಿದರೆ ಕೋರ್ಟು, ದಂಡ, ಜೈಲು.

ತೋಟ, ಕಾರ್ಖಾನೆಗಳಲ್ಲಿ ಬಹುಪಾಲು ಆಸ್ಟ್ರೇಲಿಯಾದ ಕಲೋನಿಯಲ್ ಶುಗರ್ ರಿಫೈನಿಂಗ್ ಕಂಪನಿಯ ಕೈಲಿತ್ತು, ಅಂದರೆ ಸಿಎಸ್‌ಆರ್. 1882ರಲ್ಲಿ ನೌಸೋರಿ, ಆಮೇಲೆ ರಾರಾವಾಯ್, ಲಂಬಾಸ, 1903ರಲ್ಲಿ ಲೌಟೋಕ. ಕಡಿದ ಕಬ್ಬನ್ನು ಬೇಗ ಅರೆಯದಿದ್ದರೆ ಸಕ್ಕರೆ ಅಂಶ ಇಳಿಯುತ್ತೆ. ಅದಕ್ಕೇ ಎರಡೇ ಅಡಿ ಅಗಲದ ಹಳಿ. ಇದರ ಜಾಣತನ ಇರೋದು ಕೊನೆಯ ತುಂಡಿನಲ್ಲಿ: ಹಗುರ ಹಳಿಯ ಚೌಕಟ್ಟುಗಳನ್ನು ಎತ್ತಿಕೊಂಡು ಹೋಗಿ ಗದ್ದೆಯೊಳಗೇ ಜೋಡಿಸಬಹುದು, ಕಟಾವು ಮುಗಿದ ಮೇಲೆ ಕಿತ್ತು ಪಕ್ಕದ ಗದ್ದೆಗೆ ಒಯ್ಯಬಹುದು. ತುಂಬಿದ ಬಂಡಿಗಳನ್ನು ಪ್ರಾಣಿಗಳು ಮುಖ್ಯ ಹಳಿಯವರೆಗೆ ಎಳೆಯುತ್ತಿದ್ದವು. ಅಲ್ಲಿಂದ ಪುಟಾಣಿ ಉಗಿ ಎಂಜಿನ್. ಜಾಲ ಬೆಳೆದು ಸುಮಾರು 600 ಕಿ.ಮೀ. ಆಯ್ತು.

ಪುಕ್ಕಟೆ ರೈಲು ಬಂದದ್ದು ಮೊದಲ ಮಹಾಯುದ್ಧದ ಸುಮಾರಿಗೆ. ಹಳಿ ವಿಸ್ತರಿಸಲು ಒಪ್ಪಿಗೆ ಕೊಡುವಾಗ ಸರ್ಕಾರ ಹಾಕಿದ ಷರತ್ತು ಅದು. ಸಿಎಸ್‌ಆರ್ ಅಂದ ಕೂಡಲೇ ಇವತ್ತಿನ ಅರ್ಥದ ಸಮಾಜಸೇವೆ ಅಂದುಕೊಳ್ಳಬೇಡಿ.

1920ರಲ್ಲಿ ಗಿರ್ಮಿಟ್ ರದ್ದಾಯಿತು. ಕಂಪನಿ ತೋಟಗಳನ್ನು ಸುಮಾರು 10 ಎಕರೆಯ ತುಂಡುಗಳಾಗಿ ಒಡೆದು ಭಾರತೀಯರಿಗೇ ಗೇಣಿಗೆ ಕೊಟ್ಟಿತು. ಕೂಲಿ ಈಗ ರೈತನಾದ, ಸರಿ. ಆದರೆ ಬಂಡಿ ಕಂಪನಿಯದು, ಹಳಿ ಕಂಪನಿಯದು, ತೂಕದ ಯಂತ್ರವೂ ಕಂಪನಿಯದೇ. ಬಂಡಿ ಬಾರದಿದ್ದರೆ ಕಡಿದ ಕಬ್ಬು ಗದ್ದೆಯಲ್ಲೇ ಒಣಗಬೇಕು. ಇದನ್ನು ಯಜಮಾನಿಕೆ ಅನ್ನದೆ ಇನ್ನೇನನ್ನಬೇಕೋ ನನಗೆ ಗೊತ್ತಿಲ್ಲ.

1921ರಲ್ಲಿ ಮುಷ್ಕರ ನಡೆಯಿತು, ಮುಂದಾಳು ಸಾಧು ವಸಿಷ್ಠ ಮುನಿಯನ್ನು ಗಡೀಪಾರು ಮಾಡಿದರು. 1943ರಲ್ಲಿ, ಯುದ್ಧದ ನಡುವೆಯೇ, ಬೆಳೆಗಾರರು ಕಬ್ಬು ಕಡಿಯೋದಿಲ್ಲ ಅಂತ ಕೂತರು. ಆಗ ಮುಂದೆ ನಿಂತವರಲ್ಲಿ ಗುಜರಾತಿನಿಂದ ಬಂದ ವಕೀಲ ಎ.ಡಿ. ಪಟೇಲ್ ಒಬ್ಬರು. 1969ರಲ್ಲಿ ಬ್ರಿಟಿಷ್ ನ್ಯಾಯಾಧೀಶ ಲಾರ್ಡ್ ಡೆನ್ನಿಂಗ್ ಮುಂದೆ ಬೆಳೆಗಾರರ ಪರ ವಾದಿಸಿದವರೂ ಅವರೇ. ತೀರ್ಪು ಬರೋ ಮೊದಲೇ ತೀರಿಕೊಂಡರು. ಆದಾಯದಲ್ಲಿ ರೈತರಿಗೆ ಶೇ. 65 ಪಾಲು ಅಂದಿತು ತೀರ್ಪು. ಕಂಪನಿ ಗಂಟುಮೂಟೆ ಕಟ್ಟಿತು. 1973ರಲ್ಲಿ ಕಾರ್ಖಾನೆಗಳ ಜೊತೆ ಹಳಿಯೂ ಸರ್ಕಾರಿ ಫಿಜಿ ಶುಗರ್ ಕಾರ್ಪೊರೇಷನ್ ಪಾಲಾಯಿತು. ಪುಕ್ಕಟೆ ರೈಲು ಆ ದಶಕದಲ್ಲೇ ನಿಂತಿತು.

ಹಳಿಗಳು ಆಮೇಲೆ ಸೊರಗಿದವು. ಈಗ ಹೆಚ್ಚಿನ ಕಬ್ಬು ಲಾರಿಯಲ್ಲೇ ಹೋಗುತ್ತೆ. ರೈಲಿನಲ್ಲಿ ಹೋದರೆ ಸಾಗಣೆ ಖರ್ಚು ಕಾರ್ಖಾನೆಯದು. ಲಾರಿ ಬಾಡಿಗೆ ಮಾತ್ರ ರೈತನ ಜೇಬಿನಿಂದ. ದಕ್ಷಿಣ ಕರಾವಳಿಯ ಹಳಿಯ ಒಂದು ಭಾಗದ ಮೇಲೆ ಪ್ರವಾಸಿಗರು ದುಡ್ಡು ಕೊಟ್ಟು ಪೆಡಲ್ ತುಳೀತಾರೆ.