ಕೋಲನ್‌ನಿಂದ ಶುರುವಾಗುವ ಸಾಲು

ಸುಮಾರು ದಿನದಿಂದ ಈ ಕಡೆ ತಲೆ ಹಾಕಿರಲಿಲ್ಲ. ಆಫೀಸಿನ ವಿಷಯ ಇಲ್ಲಿ ತರಬಾರದು ಅಂತ ನನಗೆ ನಾನೇ ಹಾಕಿಕೊಂಡ ನಿಯಮ ಒಂದಿತ್ತು, ಇವತ್ತು ಅದನ್ನು ಮುರೀತಿದ್ದೇನೆ. ಕಾರಣ, ಹೊಸದಾಗಿ ಸೇರಿದ ಹುಡುಗನೊಬ್ಬ ಹೋದ ವಾರ ಕೇಳಿದ ಪ್ರಶ್ನೆ: "ಸಾರ್, ಫ್ಯಾಕ್ಟರಿಗೆ ಹೆಕ್ಸ್ ಫೈಲ್ ಕಳಿಸ್ಲಾ, ಬಿನ್ ಫೈಲ್ ಕಳಿಸ್ಲಾ? ಎರಡೂ ಒಂದೇ ತಾನೇ?"

ಒಂದೇ ಅಲ್ಲ ಕಣಪ್ಪಾ ಅಂತ ಶುರು ಮಾಡಿದವನು ಮುಕ್ಕಾಲು ಗಂಟೆ ಕೊರೆದೆ. ಪಾಪ, ಅವನ ಕಾಫಿ ಆರಿಹೋಯ್ತು. ಅವನಿಗೆ ಹೇಳಿದ್ದನ್ನೂ, ಹೇಳದೆ ಬಿಟ್ಟ ಒಂದು ಸಂಗತಿಯನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಈ ಕ್ಷೇತ್ರದವರಲ್ಲದವರಿಗೆ ಎರಡು ಮಾತು. ನಿಮ್ಮ ಮನೆಯ ವಾಷಿಂಗ್ ಮಶೀನು, ಟಿವಿ ರಿಮೋಟು, ಕರೆಂಟ್ ಮೀಟರು ಎಲ್ಲದರಲ್ಲೂ ಮೈಕ್ರೋಕಂಟ್ರೋಲರ್ ಅನ್ನೋ ಪುಟ್ಟ ಚಿಪ್ ಇರುತ್ತೆ. ಅದರೊಳಗಿನ ಪ್ರೋಗ್ರಾಮಿಗೆ ಫರ್ಮ್‌ವೇರ್ ಅಂತ ಹೆಸರು. ಬರೆಯುವವನು ಒಂದು ಕಡೆ ಇರುತ್ತಾನೆ, ಸಾವಿರಾರು ಚಿಪ್‌ಗಳಿಗೆ ಅದನ್ನು ತುಂಬುವವರು ಇನ್ನೊಂದು ಕಡೆ. ಇಬ್ಬರ ನಡುವೆ ಓಡಾಡೋದು ಒಂದೇ ಒಂದು ಫೈಲು. ಆ ಫೈಲಿನ ಚರಿತ್ರೆ ಇದು.

1971ರಲ್ಲಿ ಇಂಟೆಲ್ ಕಂಪನಿಯ ಡೋವ್ ಫ್ರೋಮನ್ ಇಪ್ರಾಮ್ ಕಂಡುಹಿಡಿದರು. ಮೇಲೆ ಗಾಜಿನ ಪುಟ್ಟ ಕಿಟಕಿ ಇರುವ ಚಿಪ್ ಅದು. ಅತಿನೇರಳೆ ಬೆಳಕು ಬಿಟ್ಟರೆ ಒಳಗಿನದು ಅಳಿಸಿಹೋಗುತ್ತೆ, ಮತ್ತೆ ಬರೆಯಬಹುದು. ಮೊದಲ ಇಪ್ರಾಮ್ 1702ರಲ್ಲಿ ಹಿಡಿಸುತ್ತಿದ್ದದ್ದು ಬರೀ 256 ಬೈಟ್. ಈ ಪೋಸ್ಟಿನ ಒಂದು ಪ್ಯಾರಾ ಕೂಡ ಹಿಡಿಸೋದಿಲ್ಲ :)

ಅದಕ್ಕೆ ತುಂಬಬೇಕಾದ ಪ್ರೋಗ್ರಾಮು ಆಗ ಇರುತ್ತಿದ್ದದ್ದು ತೂತು ಹೊಡೆದ ಕಾಗದದ ಸುರುಳಿಯಲ್ಲಿ. ಟೆಲಿಟೈಪ್ ಯಂತ್ರ ಅದನ್ನು ಓದುತ್ತಿತ್ತು. ಮಾಡೆಲ್ 33 ಅನ್ನುವ ಜನಪ್ರಿಯ ಟೆಲಿಟೈಪಿನ ವೇಗ ಸೆಕೆಂಡಿಗೆ 10 ಅಕ್ಷರ. ಆಗ ಬಳಕೆಯಲ್ಲಿದ್ದ ಒಂದು ಪದ್ಧತಿಯ ಹೆಸರು ಬಿಎನ್‌ಪಿಎಫ್. ಬಿ ಅಂದರೆ ಶುರು, ಎಫ್ ಅಂದರೆ ಮುಗೀತು, ನಡುವೆ ಸೊನ್ನೆಗೆ ಎನ್, ಒಂದಕ್ಕೆ ಪಿ. ಅಲ್ಲಿಗೆ ಒಂದು ಬೈಟಿಗೆ 10 ಅಕ್ಷರ, ಅಂದರೆ ಒಂದು ಸೆಕೆಂಡು. 256 ಬೈಟ್ ಓದಿಸಲು ನಾಲ್ಕು ನಿಮಿಷಕ್ಕೂ ಮೇಲೆ! ನಡುವೆ ಕಾಗದ ಹರಿದರೆ ಮತ್ತೆ ಮೊದಲಿನಿಂದ.

1973ರ ಸುಮಾರಿಗೆ ಇಂಟೆಲ್ ತನ್ನ ಇಂಟೆಲೆಕ್ ಅನ್ನುವ ಡೆವಲಪ್‌ಮೆಂಟ್ ಯಂತ್ರಗಳಿಗಾಗಿ ಬೇರೆ ದಾರಿ ಮಾಡಿತು. ಅದೇ ಇಂಟೆಲ್ ಹೆಕ್ಸ್. ಒಂದು ಬೈಟಿಗೆ ಎರಡೇ ಅಕ್ಷರ, ಹದಿನಾರರ ಲೆಕ್ಕದಲ್ಲಿ. ಅದೇ 256 ಬೈಟು ವಿಳಾಸ ಗಿಳಾಸ ಎಲ್ಲ ಸೇರಿ ಸುಮಾರು 72 ಸೆಕೆಂಡಿನಲ್ಲಿ ಮುಗಿಯುತ್ತಿತ್ತು. ಇವತ್ತು ನಮಗೆ ಹೆಕ್ಸ್ ಫೈಲು ಜಾಗ ದಂಡ ಮಾಡುತ್ತೆ ಅನ್ನಿಸುತ್ತೆ. ಅವತ್ತಿಗೆ ಅದೇ ಉಳಿತಾಯ!

ಒಂದು ಸಾಲು ನೋಡೋಣ:

:02010000214696

ನಮ್ಮ ಸ್ಮೈಲಿಯ ಹಾಗೆ ಇದೂ ಕೋಲನ್‌ನಿಂದಲೇ ಶುರು. ಟೇಪಿನ ತುದಿಯಲ್ಲಿ ಏನೇ ಕಸ ಇದ್ದರೂ ಕೋಲನ್ ಸಿಗುವವರೆಗೆ ಯಂತ್ರ ತಲೆ ಕೆಡಿಸಿಕೊಳ್ಳುವುದಿಲ್ಲ. 02 ಅಂದರೆ ಈ ಸಾಲಿನಲ್ಲಿ ಎರಡು ಬೈಟ್ ಸರಕು ಇದೆ. 0100 ಅದನ್ನು ಇಡಬೇಕಾದ ವಿಳಾಸ. 00 ಅಂದರೆ ಇದು ಮಾಮೂಲಿ ಸರಕಿನ ಸಾಲು. 21 ಮತ್ತು 46 ಸರಕು. ಕೊನೆಯ 96 ಕಾವಲುಗಾರ, ಅದಕ್ಕೆ ಚೆಕ್‌ಸಮ್ ಅಂತಾರೆ. ಸಾಲಿನ ಎಲ್ಲ ಬೈಟ್‌ಗಳನ್ನೂ ಹದಿನಾರರ ಲೆಕ್ಕದಲ್ಲಿ ಕೂಡಿದರೆ ಕೊನೆಯ ಎರಡು ಅಂಕಿ ಸೊನ್ನೆ ಬರಬೇಕು. ಬಾರದಿದ್ದರೆ ಎಲ್ಲೋ ಒಂದು ತೂತು ತಪ್ಪಿದೆ ಅಂತ ಅರ್ಥ.

ಅಂದರೆ ಒಂದೊಂದು ಸಾಲೂ ಒಂದೊಂದು ಪೋಸ್ಟ್ ಕಾರ್ಡು. ವಿಳಾಸ ಅದರ ಮೇಲೇ ಇದೆ.

ಮೊಟೊರೋಲಾ 1974ರಲ್ಲಿ 6800 ಪ್ರೊಸೆಸರ್ ತಂದಿತು. ಅದರ ಜೊತೆಗೆ ಬೆಳೆದದ್ದು ಎಸ್-ರೆಕಾರ್ಡ್. ಮೇಲಿನ ಸಾಲೇ ಅಲ್ಲಿ ಹೀಗಾಗುತ್ತೆ:

ಎಸ್1050100214692

ಅಣ್ಣತಮ್ಮಂದಿರ ಹಾಗೆ ಕಾಣಿಸುತ್ತವೆ, ಅಲ್ವಾ? ಆದರೆ ಎಸ್-ರೆಕಾರ್ಡಿನಲ್ಲಿ ಎಸ್5 ಅಂತ ಒಂದು ಬಗೆಯ ಸಾಲು ಇದೆ. "ನನಗಿಂತ ಮುಂಚೆ ಇಷ್ಟು ಸಾಲು ಬಂದಿರಬೇಕು" ಅಂತ ಎಣಿಕೆ ಕೊಡುತ್ತೆ. ಹಾಕಲೇಬೇಕು ಅಂತಿಲ್ಲ, ಹಾಕಿದರೆ ಒಳ್ಳೇದು. ಇಂಟೆಲ್ ಹೆಕ್ಸಿನಲ್ಲಿ ಈ ವ್ಯವಸ್ಥೆ ಇಲ್ಲ. ಅಲ್ಲಿ ಚೆಕ್‌ಸಮ್ ಕಾಯುವುದು ತನ್ನ ಸಾಲನ್ನು ಮಾತ್ರ, ನಡುವಿನ ಒಂದು ಸಾಲು ಪೂರ್ತಿ ಕಾಣೆಯಾದರೆ ಅದಕ್ಕೆ ಸುಳಿವೇ ಸಿಗದು.

ಚಿಪ್‌ಗಳು ಬೆಳೆದವು. ನಾಲ್ಕು ಅಂಕಿಯ ವಿಳಾಸದಲ್ಲಿ 64 ಕೆಬಿ ದಾಟಲು ಆಗುವುದಿಲ್ಲ. 1978ರಲ್ಲಿ ಬಂದ 8086ರ ಸೆಗ್ಮೆಂಟ್ ಲೆಕ್ಕಕ್ಕೆ 02 ಎಂಬ ಹೊಸ ಬಗೆಯ ಸಾಲು ಸೇರಿತು. 1985ರ 80386ರ ಮಾದರಿಯ 32 ಬಿಟ್ ವಿಳಾಸಕ್ಕೆ 04 ಸೇರಿತು. ಹಳೇ ಮನೆಗೆ ಕೋಣೆ ಸೇರಿಸಿದ ಹಾಗೆ. 04 ಸಾಲು "ಇಲ್ಲಿಂದ ಮುಂದೆ ಎಲ್ಲರೂ ಇಂಥ ಬಡಾವಣೆ" ಅನ್ನುತ್ತೆ. ಹಾಗಾಗಿ ಸಾಲುಗಳ ಕ್ರಮ ಹಿಂದುಮುಂದು ಮಾಡಿದರೆ ಕಾರ್ಡುಗಳೆಲ್ಲ ಬೇರೆ ಬಡಾವಣೆಗೆ ಹೋಗುತ್ತವೆ.

1980ರ ದಶಕದ ಕೊನೆಗೆ ಯುನಿಕ್ಸ್ ಸಿಸ್ಟಂ ವಿ ರಿಲೀಸ್ 4ರ ಜೊತೆ ಎಲ್ಫ್ ಬಂತು. ಅದರಲ್ಲಿ ಸಕಲವೂ ಉಂಟು, ಫಂಕ್ಷನ್ನುಗಳ ಹೆಸರೂ ಸೇರಿ. ಬರೆಯುವವನ ಮೇಜಿಗೆ ಅದು ಚೆನ್ನ, ಹೊರಗೆ ಕಳಿಸಿದರೆ ಮನೆಯ ಗುಟ್ಟು ಬೀದಿಗೆ ಬಿದ್ದಂತೆ.

ಇನ್ನು ಬಿನ್. ನಮ್ಮ ಪಹಣಿಯಲ್ಲಿ 'ಬಿನ್' ಅಂದ ಕೂಡಲೇ ಅಪ್ಪನ ಹೆಸರು ಬರುತ್ತೆ. ಈ ಬಿನ್ನಿಗೆ ಅಪ್ಪ, ಅಮ್ಮ, ಊರು, ಕೇರಿ ಏನೂ ಇಲ್ಲ! ಬರೀ ಸರಕು. ಎಲ್ಲಿಂದ ತುಂಬಬೇಕು ಅನ್ನೋದನ್ನು ಯಾರೋ ಬಾಯಲ್ಲಿ ಹೇಳಬೇಕು.

ಇಲ್ಲಿಗೆ ನಾನು ಹುಡುಗನಿಗೆ ಹೇಳದೆ ಬಿಟ್ಟ ಸಂಗತಿ ಬರುತ್ತೆ.

2004. ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಬೋರ್‌ವೆಲ್ ಪಂಪಿನ ಸ್ಟಾರ್ಟರಿಗೆ ಕಂಟ್ರೋಲ್ ಕಾರ್ಡು ಮಾಡುತ್ತಿದ್ದೆವು. ಪಿಕ್ 16ಎಫ್877ಎ ಚಿಪ್, 4 ಮೆಗಾಹರ್ಟ್ಸ್ ಕ್ರಿಸ್ಟಲ್. ಈ ಚಿಪ್ಪಿನಲ್ಲಿ ಪ್ರೋಗ್ರಾಮಿನ ಜಾಗ ಬೇರೆ, ಕಾನ್ಫಿಗರೇಷನ್ ವರ್ಡ್ ಅನ್ನುವ ಒಂದು ಸೆಟ್ಟಿಂಗಿನ ಜಾಗ ಬೇರೆ. ಯಾವ ಬಗೆಯ ಗಡಿಯಾರ, ವಾಚ್‌ಡಾಗ್ ಬೇಕೋ ಬೇಡವೋ ಎಲ್ಲ ಅಲ್ಲಿರುತ್ತೆ. ಪ್ರೋಗ್ರಾಮಿನ ಜಾಗ 16 ಕೆಬಿಗೆ ಮುಗಿಯುತ್ತೆ. ಸೆಟ್ಟಿಂಗು ಅದರಾಚೆ, ಹೆಕ್ಸ್ ಫೈಲಿನ ಲೆಕ್ಕದಲ್ಲಿ 400ಇ ಎಂಬ ವಿಳಾಸದಲ್ಲಿ. ಹೆಕ್ಸ್ ಫೈಲಿನ ಕೊನೆಗೆ ಇದಕ್ಕಾಗಿಯೇ ಒಂದು ಪುಟ್ಟ ಸಾಲು ಇರುತ್ತೆ.

ನಾನು ಹೆಕ್ಸನ್ನು 16 ಕೆಬಿ ಬಿನ್ ಮಾಡಿ ಕಳಿಸಿದೆ. ಯಾಕೆ? ಚಿಕ್ಕದು, ನೋಟ್‌ಪ್ಯಾಡಿನಲ್ಲಿ ಯಾರೂ ಓದಲಾರರು ಅಂತ. ಬೇರೆ ಕಾರಣವಿಲ್ಲ. ಸೆಟ್ಟಿಂಗು ಹೀಗೆ ಹೀಗೆ ಹಾಕಿ ಅಂತ ಸಂಜೆಯ ಸೂಪರ್‌ವೈಸರಿಗೆ ಫೋನಿನಲ್ಲಿ ಹೇಳಿದೆ. ಅವರು ಶಿಫ್ಟ್ ಮುಗಿಸಿ ಹೊರಟರು, ಮಾತೂ ಅವರ ಜೊತೆಗೇ ಹೋಯ್ತು.

ಬೆಳಿಗ್ಗೆ 240 ಕಾರ್ಡು ಸತ್ತು ಬಿದ್ದಿದ್ದವು. ಖಾಲಿ ಚಿಪ್ಪಿನ ಸೆಟ್ಟಿಂಗಿನಲ್ಲಿ ಗಡಿಯಾರ ಆರ್‌ಸಿ ಬಗೆಯದು, ಹಾಗಾಗಿ ಪಕ್ಕದಲ್ಲೇ ಕ್ರಿಸ್ಟಲ್ ಇದ್ದರೂ ಅದನ್ನು ಓಡಿಸುವವರಿಲ್ಲ. ಪ್ರೋಗ್ರಾಮಿಂಗ್ ಟೇಬಲ್ಲಿನಲ್ಲಿ ರಾತ್ರಿ ಕೂತಿದ್ದ ಹುಡುಗಿಯಿಂದ ತಪ್ಪೊಪ್ಪಿಗೆ ಪತ್ರ ಬರೆಸಿಕೊಂಡಿದ್ದರು. "ಒಂದೊಂದಕ್ಕೂ ವೆರಿಫೈ ಓಕೆ ಅಂತಾನೇ ಬಂತಲ್ಲ ಸಾರ್, ನಾನೇನು ತಪ್ಪು ಮಾಡ್ದೆ?" ಅಂತ ನನ್ನನ್ನೇ ಕೇಳಿದಳು.

ಅವಳು ಹೇಳಿದ್ದು ನಿಜ. ಯಂತ್ರ ಚಿಪ್ಪನ್ನು ಫೈಲಿನ ಜೊತೆ ಹೋಲಿಸಿತ್ತು. ಫೈಲಿನಲ್ಲೇ ಇಲ್ಲದ್ದನ್ನು ಅದು ಹೇಗೆ ಹೋಲಿಸೀತು?

ಮಧ್ಯಾಹ್ನದ ಹೊತ್ತಿಗೆ ಕಾರಣ ನನಗೆ ಗೊತ್ತಾಗಿತ್ತು. ಬಾಯಿ ಬಿಟ್ಟದ್ದು ಮಾರನೇ ದಿನ. ಆ ಒಂದು ದಿನದ ಬಗ್ಗೆ ನನಗೆ ಈಗಲೂ ನಾಚಿಕೆ ಇದೆ. ಫ್ಲಾಶ್ ಚಿಪ್ ಆದ್ದರಿಂದ ಎಲ್ಲವನ್ನೂ ಮತ್ತೆ ತುಂಬಿಸಿದೆವು. ಒಂದೇ ಸಲ ಬರೆಯಬಹುದಾದ ಚಿಪ್ ಆಗಿದ್ದರೆ ಅಷ್ಟೂ ಕಸದ ಬುಟ್ಟಿಗೆ. ಪತ್ರ ಹರಿದು ಹಾಕಿದರು. ಹುಡುಗಿ ಮಾತ್ರ "ಆ ಟೇಬಲ್ ಬೇಡ ಸಾರ್" ಅಂತ ಸೋಲ್ಡರಿಂಗ್ ಕಡೆಗೆ ಹೋದಳು.

ಅವತ್ತಿನಿಂದ ನನ್ನ ಲೆಕ್ಕ ಇಷ್ಟೇ: ಫೈಲು ಹೇಳದೆ ಬಿಟ್ಟದ್ದನ್ನು ಯಾರಾದರೂ ನೆನಪಿಟ್ಟುಕೊಳ್ಳಬೇಕಾಗುತ್ತೆ. ಮರೆತಾಗ ಬೈಸಿಕೊಳ್ಳುವುದು ಸಾಲಿನ ಕೊನೆಯಲ್ಲಿ ಕೂತವರು. ಆದ್ದರಿಂದ ಪ್ರೊಡಕ್ಷನ್ನಿಗೆ ಹೆಕ್ಸ್ ಅಥವಾ ಎಸ್-ರೆಕಾರ್ಡ್, ಸೆಟ್ಟಿಂಗು ಅದರೊಳಗೇ. ಕಾಣೆಯಾದ ಸಾಲು ಹಿಡಿಯಲು ಇಡೀ ಫೈಲಿಗೊಂದು ಹ್ಯಾಶ್, ಹೆಸರಿನಲ್ಲಿ ಆವೃತ್ತಿ ಸಂಖ್ಯೆ. ಬಿನ್ ಕಳಿಸಲೇಬೇಕಾದರೆ ವಿಳಾಸ ಬಾಯಲ್ಲಲ್ಲ, ಬರವಣಿಗೆಯಲ್ಲಿ.

ಮೈಕ್ರೋಸಾಫ್ಟಿನವರು ಮೇಕ್‌ಕೋಡ್‌ಗಾಗಿ ಯುಎಫ್2 ಅಂತ ಹೊಸ ಫೈಲ್ ಬಗೆ ಮಾಡಿದರು. 2021ರಲ್ಲಿ ಬಂದ ರಾಸ್‌ಬೆರಿ ಪೈ ಪಿಕೋ ಕೂಡ ಅದನ್ನೇ ಬಳಸುತ್ತೆ. 512 ಬೈಟಿನ ತುಂಡುಗಳು, ಪ್ರತಿ ತುಂಡಿನ ಮೇಲೂ ಅದರ ವಿಳಾಸ, "ಇಷ್ಟರಲ್ಲಿ ನಾನು ಇಷ್ಟನೆಯವನು" ಅನ್ನುವ ಎಣಿಕೆ. ಟೇಪು ಹೋಗಿ ಪೆನ್ ಡ್ರೈವಿನ ಹಾಗೆ ಎಳೆದು ಹಾಕುವ ಕಾಲ ಬಂದರೂ ಪೋಸ್ಟ್ ಕಾರ್ಡು ವಾಪಸ್ ಬಂತು ನೋಡಿ!

ಅಂದಹಾಗೆ, ಎಲ್ಲ ಹೆಕ್ಸ್ ಫೈಲಿನ ಕೊನೆಯ ಸಾಲೂ ಒಂದೇ: ಕೋಲನ್, ಏಳು ಸೊನ್ನೆ, ಒಂದು ಒಂದು, ಎರಡು ಎಫ್. "ಮುಗೀತು" ಅಂತ ಅದರ ಅರ್ಥ. ಹುಡುಗನಿಗೆ ಈ ಪೋಸ್ಟಿನ ಕೊಂಡಿ ಕಳಿಸ್ತಿದ್ದೇನೆ. ನಿಮ್ಮ ನಿಮ್ಮ ಕೆಲಸದಲ್ಲೂ ಹೀಗೆ ಬಾಯಿಮಾತಿನಲ್ಲಿ ಕಳೆದುಹೋದ 'ಕೊನೆಯ ಸಾಲು' ಇದ್ದರೆ ಹೇಳಿ, ಓದೋಣ.