ಬೆಟ್ಟ ಆರಿಸಿದ ಹಾಡುಗಾರ

ಕೋಲ್ಕತ್ತಾ ಪೊಲೀಸ್ ಆರ್ಕೆಸ್ಟ್ರಾದಲ್ಲಿ ಹಾಡುತ್ತಿದ್ದ ಕಾನ್‌ಸ್ಟೇಬಲ್ ಒಬ್ಬ 2007ರಲ್ಲಿ ಡಾರ್ಜಿಲಿಂಗ್ ಬೆಟ್ಟದ ರಾಜಕೀಯವನ್ನೇ ತಲೆಕೆಳಗು ಮಾಡಿಬಿಟ್ಟ. ಹಾಗೆ ಮಾಡಬೇಕೆಂದು ಅವನು ಹೊರಟವನಲ್ಲ. ಟಿವಿಯಲ್ಲಿ ಹಾಡಲು ಹೋದ, ಅಷ್ಟೆ. ಅವನ ಹೆಸರು ಪ್ರಶಾಂತ್ ತಮಾಂಗ್. ಇಂಡಿಯನ್ ಐಡಲ್ ಮೂರನೆಯ ಆವೃತ್ತಿಯ ವಿಜೇತ ಎಂದರೆ ಇಂದಿನ ಹುಡುಗರು ತಲೆ ಕೆರೆದುಕೊಳ್ಳಬಹುದು. ಆ ವರ್ಷ ಸಿಲಿಗುರಿಯಲ್ಲಿದ್ದವರು ಯಾರೂ ಆ ಹೆಸರನ್ನು ಮರೆಯಲಾರರು. ನಾನು ಅಲ್ಲಿದ್ದೆ.

ನಾನು ಧಾರವಾಡದವನು. ಬ್ಯಾಂಕಿನ ನೌಕರಿ, ವರ್ಗಾವಣೆಯ ಬದುಕು. ಆ ವರ್ಷ ಸಿಲಿಗುರಿಯ ಒಂದು ಶಾಖೆಯಲ್ಲಿ ಅಧಿಕಾರಿಯಾಗಿದ್ದೆ. ಸಿಲಿಗುರಿ ಬಯಲಿನ ಕೊನೆಯ ಊರು. ಅಲ್ಲಿಂದ ಜೀಪು ಹತ್ತಿದರೆ ಕುರ್ಸಿಯಾಂಗ್, ಆಮೇಲೆ ಡಾರ್ಜಿಲಿಂಗ್. ಚಹಾ ತೋಟದ ಗುಮಾಸ್ತರು, ಮಾಜಿ ಸೈನಿಕರು, ಬಂಗಾಳಿ ವ್ಯಾಪಾರಿಗಳು, ಮಾರವಾಡಿ ಸಗಟು ಅಂಗಡಿಯವರು ಎಲ್ಲರೂ ನಮ್ಮ ಕೌಂಟರಿಗೆ ಬರುತ್ತಿದ್ದರು. ನಮ್ಮ ಕ್ಯಾಶಿಯರ್ ಕುರ್ಸಿಯಾಂಗ್‌ನ ನೇಪಾಳಿ ಮಾತಾಡುವ ಹುಡುಗ. ಹೆಡ್ ಕ್ಲಾರ್ಕ್ ದೇಶಬಂಧು ಪಾರಾದ ಬಂಗಾಳಿ ಹಿರಿಯರು. ಇಬ್ಬರೂ ಒಂದೇ ಡಬ್ಬಿಯಿಂದ ಊಟ ಮಾಡುತ್ತಿದ್ದರು. ಈ ಮಾತನ್ನು ಮೊದಲೇ ಹೇಳಿಡುತ್ತೇನೆ, ಮುಂದೆ ಬೇಕಾಗುತ್ತದೆ.

ಪ್ರಶಾಂತ್ ಹುಟ್ಟಿದ್ದು 1983ರ ಜನವರಿ 4ರಂದು, ಡಾರ್ಜಿಲಿಂಗ್‌ನಲ್ಲಿ. ತಂದೆ ಕೋಲ್ಕತ್ತಾ ಪೊಲೀಸ್ ಇಲಾಖೆಯಲ್ಲಿದ್ದರು. ಅವರು ಅಪಘಾತದಲ್ಲಿ ತೀರಿಕೊಂಡ ಮೇಲೆ ಮಗ ಓದು ಬಿಟ್ಟು ತಂದೆಯ ಜಾಗದಲ್ಲಿ ಕಾನ್‌ಸ್ಟೇಬಲ್ ಆಗಿ ಸೇರಿದ. ಅನುಕಂಪದ ನೌಕರಿ ಅಂತ ನಮ್ಮ ಕಡೆ ಅನ್ನುತ್ತೇವಲ್ಲ, ಅದೇ. ಸಂಗೀತವನ್ನು ಗುರುವಿನ ಎದುರು ಕೂತು ಕಲಿತವನಲ್ಲ. ಇಲಾಖೆಯ ಆರ್ಕೆಸ್ಟ್ರಾವೇ ಅವನ ಪಾಠಶಾಲೆ. ಅಲ್ಲಿಂದ ಅವನು ಇಂಡಿಯನ್ ಐಡಲ್‌ಗೆ ಹೋಗಿ ಜಾವೇದ್ ಅಖ್ತರ್, ಉದಿತ್ ನಾರಾಯಣ್, ಅನು ಮಲಿಕ್, ಅಲಿಶಾ ಚಿನಾಯ್ ಅವರ ಮುಂದೆ ನಿಂತಾಗ ವಯಸ್ಸು ಇಪ್ಪತ್ನಾಲ್ಕು.

ಮಲ್ಲಿಕಾರ್ಜುನ ಮನ್ಸೂರರ ಹಾಡಿಕೆ ಕೇಳುತ್ತ ಬೆಳೆದ ಕಿವಿ ನನ್ನದು. ಆ ಕಿವಿಯಿಂದಲೇ ಹೇಳುತ್ತೇನೆ: ಆ ಆವೃತ್ತಿಯಲ್ಲಿ ಪ್ರಶಾಂತ್‌ಗಿಂತ ಹದವಾಗಿ ಹಾಡುವವರು ಇದ್ದರು. ಶಿಲಾಂಗ್‌ನ ಅಮಿತ್ ಪಾಲ್ ಕಂಠ ಹೆಚ್ಚು ಪಳಗಿದ್ದು, ಶ್ರುತಿಯ ಮೇಲೆ ಹಿಡಿತವಿದ್ದದ್ದು. ಪ್ರಶಾಂತ್‌ನದು ಮೆತ್ತನೆಯ ದನಿ. ತಾರಸ್ಥಾಯಿಗೆ ಏರುವಾಗ ತುಸು ಅಳುಕುತ್ತಿತ್ತು. ಆದರೆ ಅವನು ಹಾಡುವಾಗ ಎಲ್ಲೂ ನಟಿಸುತ್ತಿರಲಿಲ್ಲ. ಕೈ ಬೀಸುವುದಿಲ್ಲ, ಕಣ್ಣು ಮಿಟುಕಿಸುವುದಿಲ್ಲ, ತೀರ್ಪುಗಾರರು ಬೈದರೆ ತಲೆ ತಗ್ಗಿಸಿ ಕೇಳಿಕೊಳ್ಳುತ್ತಿದ್ದ. ಬೆಟ್ಟದ ಜನಕ್ಕೆ ಅಷ್ಟು ಸಾಕಾಯಿತು. ಅವನಲ್ಲಿ ತಮ್ಮ ಮನೆಯ ಹುಡುಗನನ್ನು ಕಂಡರು.

ಇಲ್ಲಿ ಹಿಂದಿನ ಕತೆ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. 1835ರಲ್ಲಿ ಸಿಕ್ಕಿಂ ರಾಜನಿಂದ ಬ್ರಿಟಿಷರು ಪಡೆದ ಡಾರ್ಜಿಲಿಂಗ್‌ಗೆ ಚಹಾ ತೋಟ, ರಸ್ತೆ, ರೈಲಿನ ಕೆಲಸ ಹುಡುಕಿಕೊಂಡು ನೇಪಾಳದ ಪೂರ್ವ ಭಾಗದಿಂದ ಜನ ಬಂದರು. ನಾಲ್ಕೈದು ತಲೆಮಾರು ಅಲ್ಲೇ ಬೆಳೆದರೂ ಅವರನ್ನು ಪರದೇಶಿಗಳೆಂದು ಕಾಣುವುದು ನಿಲ್ಲಲಿಲ್ಲ. ತಮಗೆ ಪ್ರತ್ಯೇಕ ಆಡಳಿತ ಬೇಕೆಂದು ಬೆಟ್ಟದವರು ಮನವಿ ಕೊಟ್ಟದ್ದು 1907ರಲ್ಲಿ. 1986-87ರ ಹೊತ್ತಿಗೆ ಮೇಘಾಲಯದಿಂದ ಸಾವಿರಾರು ನೇಪಾಳಿಗಳನ್ನು ಹೊರದೂಡಲಾಯಿತು. ಅದೇ ಕಾಲಕ್ಕೆ ಸುಭಾಷ್ ಘೀಸಿಂಗ್ ಪ್ರತ್ಯೇಕ ಗೋರ್ಖಾಲ್ಯಾಂಡ್ ರಾಜ್ಯಕ್ಕಾಗಿ ಚಳವಳಿ ಎಬ್ಬಿಸಿದರು. ಮಾಜಿ ಸೈನಿಕ, ಕಾದಂಬರಿಕಾರ ಕೂಡ. ಎರಡು ವರ್ಷಗಳಲ್ಲಿ ಸಾವಿರಕ್ಕೂ ಹೆಚ್ಚು ಜನ ಸತ್ತರು. 1988ರಲ್ಲಿ ಪ್ರತ್ಯೇಕ ರಾಜ್ಯದ ಬದಲು ಗುಡ್ಡಗಾಡು ಪರಿಷತ್ತು ಸಿಕ್ಕಿತು. ಘೀಸಿಂಗ್ ಅದರ ಮುಖ್ಯಸ್ಥರಾಗಿ ಹತ್ತಿರ ಹತ್ತಿರ ಎರಡು ದಶಕ ಕೂತರು. ನೇಪಾಳಿ ಭಾಷೆ ಸಂವಿಧಾನದ ಎಂಟನೆಯ ಅನುಸೂಚಿಗೆ ಸೇರಿದ್ದು 1992ರಲ್ಲಿ, ನಮ್ಮ ಕರಾವಳಿಯ ಕೊಂಕಣಿಯ ಜೊತೆಗೇ, ಅದೇ ತಿದ್ದುಪಡಿಯಲ್ಲಿ. ಕೊಂಕಣಿಗರನ್ನು ನೀವು ಯಾವ ದೇಶದವರು ಎಂದು ಯಾರೂ ಕೇಳಲಿಲ್ಲ. ನಮ್ಮ ಕ್ಯಾಶಿಯರ್‌ಗೆ ಆ ಪ್ರಶ್ನೆ ಪ್ರತಿ ರೈಲು ಪ್ರಯಾಣದಲ್ಲೂ ಎದುರಾಗುತ್ತಿತ್ತು.

ಕರ್ನಾಟಕದಲ್ಲಿ ನಾವೇನು ಕಡಿಮೆ? ನನ್ನ ಬಾಲ್ಯದಲ್ಲಿ ರಾತ್ರಿ ಸೀಟಿ ಊದಿ, ಕಂಬಕ್ಕೆ ಕೋಲು ಬಡಿದು, ತಿಂಗಳ ಮೊದಲಲ್ಲಿ ಬಾಗಿಲಿಗೆ ಬಂದು ಸಲಾಂ ಹೊಡೆಯುವವನಿಗೆ ಗೂರ್ಖಾ ಎಂದೇ ಕರೆಯುತ್ತಿದ್ದೆವು. ಅವನಿಗೊಂದು ಹೆಸರಿರುತ್ತದೆ, ಊರಿರುತ್ತದೆ, ಅವನೂರಿನಲ್ಲಿ ಹಾಡಿಕೆ ಇರುತ್ತದೆ ಎಂದು ನಮ್ಮ ಓಣಿಯಲ್ಲಿ ಯಾರೂ ಕೇಳಿದ್ದಿಲ್ಲ.

ಹಾಡಿಕೆ ಬೇಕಾದಷ್ಟಿತ್ತು. ಡಾರ್ಜಿಲಿಂಗ್ ಎಂದರೆ ಚಹಾ ಮಾತ್ರ ಎಂದುಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕು. ಅಂಬರ್ ಗುರುಂಗ್ ಆ ಊರಿನವರು. ಕವಿ ಅಗಮ್‌ಸಿಂಗ್ ಗಿರಿ ಬರೆದ ಸಾಲುಗಳಿಗೆ ಅವರು ರಾಗ ಹಾಕಿದ 'ನೌಲಾಖ್ ತಾರಾ ಉದಾಯೆ' ಹಾಡನ್ನು ಬೆಟ್ಟದ ಮುದುಕರು ಇಂದಿಗೂ ಕಣ್ಣು ತುಂಬಿಕೊಂಡು ಹಾಡುತ್ತಾರೆ. ಗೋಪಾಲ್ ಯೋಂಜನ್, ಅರುಣಾ ಲಾಮಾ ಕೂಡ ಅಲ್ಲಿಯವರೇ. ಇವರೆಲ್ಲ ಸೇರಿ ಆಧುನಿಕ ನೇಪಾಳಿ ಭಾವಗೀತೆಗೆ ರೂಪ ಕೊಟ್ಟರು. ಜಾಝ್ ಪಿಯಾನೋ ನುಡಿಸುವ ಲೂಯಿ ಬ್ಯಾಂಕ್ಸ್ ಹುಟ್ಟಿದ್ದು ಡಾರ್ಜಿಲಿಂಗ್‌ನಲ್ಲೇ. ಆರ್.ಡಿ. ಬರ್ಮನ್ ವಾದ್ಯವೃಂದಕ್ಕೆ ಮಾದಲ್ ವಾದ್ಯವನ್ನು ತಂದ ರಂಜಿತ್ ಗಜ್ಮೇರ್ ಕೂಡ ಆ ಬೆಟ್ಟದಿಂದ ಇಳಿದು ಮುಂಬೈಗೆ ಹೋದವರು. 2007ರ ಆಗಸ್ಟ್ 3ರಂದು ನೇಪಾಳ ಹೊಸ ರಾಷ್ಟ್ರಗೀತೆಯನ್ನು ಒಪ್ಪಿಕೊಂಡಿತು. ಅದಕ್ಕೆ ರಾಗ ಹಾಕಿದವರು ಇದೇ ಅಂಬರ್ ಗುರುಂಗ್. ಪ್ರಶಾಂತ್ ವಾರ ವಾರ ಟಿವಿಯಲ್ಲಿ ಹಾಡುತ್ತಿದ್ದ ದಿನಗಳು ಅವು. ಒಂದು ದೇಶಕ್ಕೆ ರಾಷ್ಟ್ರಗೀತೆಯ ರಾಗ ಕೊಟ್ಟ ಊರಿನಿಂದ ಬಂದ ಹುಡುಗನನ್ನು ಇಲ್ಲಿನ ಪತ್ರಿಕೆಗಳು 'ಹಾಡುವ ಪೊಲೀಸ್' ಎಂದು ವಿಚಿತ್ರವೆಂಬಂತೆ ಬರೆದವು. ನನಗೆ ಆಗಲೂ ಅದು ನೋವಿನ ಸಂಗತಿ, ಈಗಲೂ.

ಸ್ಪರ್ಧೆಯ ವಿಧಾನವೂ ಆ ಹೊತ್ತಿಗೆ ಬದಲಾಗಿತ್ತು. 1990ರ ದಶಕದ ಟಿವಿ ಸ್ಪರ್ಧೆಗಳಲ್ಲಿ ಸಂಗೀತ ಬಲ್ಲವರು ಕೂತು ತೀರ್ಪು ಕೊಡುತ್ತಿದ್ದರು. ಶ್ರೇಯಾ ಘೋಷಾಲ್ ಬಂದದ್ದು ಅಂಥ 'ಸರೆಗಮ' ಮಕ್ಕಳ ಸ್ಪರ್ಧೆಯಿಂದ. ನಮ್ಮಲ್ಲಿ 'ಎದೆ ತುಂಬಿ ಹಾಡುವೆನು' ನಡೆಸುತ್ತಿದ್ದ ಎಸ್.ಪಿ. ಬಾಲಸುಬ್ರಹ್ಮಣ್ಯಂ ಮಕ್ಕಳ ಸ್ವರವನ್ನು ಅಲ್ಲೇ ತಿದ್ದಿ ಕಳಿಸುತ್ತಿದ್ದರು. ಇಂಡಿಯನ್ ಐಡಲ್ ಬ್ರಿಟನ್ನಿನ 'ಪಾಪ್ ಐಡಲ್' ಮಾದರಿಯದ್ದು; 2004ರಲ್ಲಿ ಇಲ್ಲಿಗೆ ಬಂತು. ಆಗ ಕೊನೆಯ ಸುತ್ತುಗಳಲ್ಲಿ ತೀರ್ಪುಗಾರರ ಮಾತಿಗೆ ಬೆಲೆಯಿರಲಿಲ್ಲ. ಫೋನಿನಲ್ಲಿ ಬಂದ ಮತವೇ ಕೊನೆಯ ಮಾತಾಗಿತ್ತು. ಒಬ್ಬನೇ ಎಷ್ಟು ಎಸ್ಸೆಮ್ಮೆಸ್ ಬೇಕಾದರೂ ಕಳಿಸಬಹುದಿತ್ತು, ಪ್ರತಿಯೊಂದಕ್ಕೂ ಮಾಮೂಲಿಗಿಂತ ಹೆಚ್ಚಿನ ದರ. ಆ ಹಣ ಫೋನ್ ಕಂಪನಿ ಮತ್ತು ವಾಹಿನಿ ನಡುವೆ ಹಂಚಿಕೆಯಾಗುತ್ತಿತ್ತು. ಹಾಗಾಗಿ ಜನರ ಅಭಿಮಾನ ಎಷ್ಟು ಉಕ್ಕಿದರೆ ಅಷ್ಟು ಲಾಭ. ಈ ಲೆಕ್ಕವನ್ನು ನಾನು ಬ್ಯಾಂಕಿನವನಾಗಿ ಚೆನ್ನಾಗಿ ಬಲ್ಲೆ.

ಆಗಸ್ಟ್, ಸೆಪ್ಟೆಂಬರ್‌ನಲ್ಲಿ ನಮ್ಮ ಕೌಂಟರಿನಲ್ಲಿ ಅದು ಕಣ್ಣಿಗೆ ಕಾಣುತ್ತಿತ್ತು. ಪಿಂಚಣಿ ತೆಗೆಯಲು ಬಂದ ಮುದುಕರು ಒಂದು ಪಾಲನ್ನು ಪ್ರಶಾಂತ್ ಅಭಿಮಾನಿ ಸಂಘಕ್ಕೆಂದು ಬೇರೆ ಎಣಿಸಿಕೊಳ್ಳುತ್ತಿದ್ದರು. ಎಸ್‌ಟಿಡಿ ಬೂತುಗಳಲ್ಲಿ ಹುಡುಗರು ಸಾಲಾಗಿ ನಿಂತು ಮತ ಹಾಕುತ್ತಿದ್ದರು. ರೀಚಾರ್ಜ್ ಕಾರ್ಡುಗಳನ್ನು ಕಟ್ಟುಗಟ್ಟಲೆ ಕೊಂಡು ಬೆಟ್ಟಕ್ಕೆ ಸಾಗಿಸಿದರು. ನಮ್ಮ ಕ್ಯಾಶಿಯರ್‌ಗೆ ನಾನೊಮ್ಮೆ ಕೇಳಿದೆ, "ಇಷ್ಟು ದುಡ್ಡು ಯಾಕಪ್ಪ ಸುಡ್ತೀಯ?" ಎಂದು. "ಸರ್, ಗೆದ್ದ ಮೇಲೆ ಅವನನ್ನ ಇಂಡಿಯನ್ ಅಂತ ಇಡೀ ದೇಶವೇ ಕರೀಬೇಕಲ್ಲ," ಎಂದ. ನಾನು ಮತ್ತೆ ಕೇಳಲಿಲ್ಲ.

ಘೀಸಿಂಗ್ ಈ ಉತ್ಸಾಹದಿಂದ ದೂರವೇ ಉಳಿದರು. ಅವರ ಪಕ್ಷದಲ್ಲೇ ಇದ್ದ, ಪರಿಷತ್ತಿನ ಸದಸ್ಯ ಬಿಮಲ್ ಗುರುಂಗ್ ಮಾತ್ರ ಅಭಿಮಾನಿ ಸಂಘದ ಮುಂದೆ ನಿಂತರು. ಹಣ ಕೂಡಿಸಿದರು, ಊರೂರಿಗೆ ಮೆರವಣಿಗೆ ಕಟ್ಟಿದರು. ಪಕ್ಷದ ಬಾವುಟಕ್ಕೆ ಬಾರದ ಜನ ಹಾಡುಗಾರನ ಫೋಟೋ ಹಿಂದೆ ಬಂದರು.

ಅಂತಿಮ ಸುತ್ತಿನಲ್ಲಿ ಎದುರಾಳಿ ಅಮಿತ್ ಪಾಲ್. ಶಿಲಾಂಗ್‌ನ ಬಂಗಾಳಿ ಹುಡುಗ. ಅಲ್ಲಿ ಸ್ಥಳೀಯ ಖಾಸಿಗಳಿಗೂ ಹೊರಗಿನಿಂದ ಬಂದವರಿಗೂ 1979ರಿಂದ ಮತ್ತೆ ಮತ್ತೆ ಗಲಭೆಗಳಾಗಿದ್ದವು. ಅಂಥ ಊರಿನಲ್ಲಿ ಖಾಸಿ ಹುಡುಗರು ಅಮಿತ್‌ಗಾಗಿ ಮತ ಕೇಳಿದರು. ಮೇಘಾಲಯದ ಮುಖ್ಯಮಂತ್ರಿ ಡಿ.ಡಿ. ಲಪಾಂಗ್ ಅವರ ಸರಕಾರ ಅವನನ್ನು ಶಾಂತಿ, ಸೌಹಾರ್ದದ ರಾಯಭಾರಿಯೆಂದು ಘೋಷಿಸಿತು. ನಾನು ಅದನ್ನು ಪ್ರಶಾಂತ್ ಗೆಲುವಿಗಿಂತ ಕಡಿಮೆಯದ್ದೆಂದು ತಿಳಿಯುವುದಿಲ್ಲ. ಅದೇ ಆವೃತ್ತಿಯಲ್ಲಿ ಇನ್ನೊಬ್ಬನಿದ್ದ: ಧನಬಾದ್‌ನ ಚೀನಿ ಮೂಲದ ಮನೆಯ ಮೆಯಾಂಗ್ ಚಾಂಗ್. ಅವನು ದಂತವೈದ್ಯಕೀಯ ಓದಿದ್ದು ನಮ್ಮ ಬೆಂಗಳೂರಿನಲ್ಲಿ. ದೇಶದ ನಕ್ಷೆಯ ಅಂಚಿನಲ್ಲಿಟ್ಟ ಮುಖಗಳು ಆ ವರ್ಷ ಒಟ್ಟಿಗೇ ಪರದೆಯ ನಡುವೆ ಬಂದು ನಿಂತಿದ್ದವು.

ಸೆಪ್ಟೆಂಬರ್ 23ರಂದು ಪ್ರಶಾಂತ್ ಗೆದ್ದ. ಬಂದ ಮತ ಸುಮಾರು 7 ಕೋಟಿ ಎಂದು ಆಗ ವರದಿಯಾಯಿತು. ಪ್ರಧಾನ್ ನಗರದಲ್ಲಿ ರಾತ್ರಿಯಿಡೀ ಪಟಾಕಿ. ನಮ್ಮ ಹೆಡ್ ಕ್ಲಾರ್ಕ್ ಮರುದಿನ ಕ್ಯಾಶಿಯರ್‌ಗೆ ಸಂದೇಶ್ ತಂದುಕೊಟ್ಟರು, "ನಮ್ಮ ಬಂಗಾಳದ ಪೊಲೀಸ್ ಗೆದ್ದ" ಎನ್ನುತ್ತ.

ಆ ಸಿಹಿ ನಾಲಿಗೆಯಲ್ಲಿ ಆರುವ ಮುನ್ನವೇ ಸುದ್ದಿ ಬಂತು. ದೆಹಲಿಯ ಎಫ್‌ಎಂ ರೇಡಿಯೋ ನಿರೂಪಕನೊಬ್ಬ, ಗೂರ್ಖಾಗಳು ಹಾಡಲು ಹೊರಟರೆ ಇನ್ನು ಕಾವಲು ಕಾಯುವವರು ಯಾರು ಎಂಬರ್ಥದಲ್ಲಿ ಗೇಲಿ ಮಾಡಿದ್ದ. ಸೆಪ್ಟೆಂಬರ್ 28ರಂದು ಸಿಲಿಗುರಿಯಲ್ಲಿ ಪ್ರತಿಭಟನಾ ಮೆರವಣಿಗೆ ಹೊರಟಿತು. ರಸ್ತೆ ಕಟ್ಟಿತು, ಸ್ಥಳೀಯರಿಗೂ ಮೆರವಣಿಗೆಯವರಿಗೂ ಜಟಾಪಟಿಯಾಯಿತು, ಕಲ್ಲು, ಬೆಂಕಿ. ಕರ್ಫ್ಯೂ ಹಾಕಿ ಸೇನೆಯನ್ನು ಕರೆಸಬೇಕಾಯಿತು. ದೆಹಲಿಯಲ್ಲಿ ಒಬ್ಬನ ನಾಲಿಗೆ ಜಾರಿದ್ದಕ್ಕೆ ಸಿಲಿಗುರಿಯಲ್ಲಿ, ಅದರಲ್ಲಿ ಏನೂ ಪಾಲಿಲ್ಲದ ಬಂಗಾಳಿಗಳೂ ನೇಪಾಳಿಗಳೂ ಒಬ್ಬರನ್ನೊಬ್ಬರು ಹೊಡೆದುಕೊಂಡರು. ನಾವು ಶಾಖೆಯ ಶಟರ್ ಎಳೆದು ಒಳಗೆ ಕೂತಿದ್ದೆವು. ಕತ್ತಲಾದ ಮೇಲೆ ಹೆಡ್ ಕ್ಲಾರ್ಕ್ ತಮ್ಮ ಮಫ್ಲರನ್ನು ಕ್ಯಾಶಿಯರ್‌ನ ಮುಖಕ್ಕೆ ಸುತ್ತಿ, ಒಳಗಲ್ಲಿಗಳಲ್ಲಿ ನಡೆಸಿಕೊಂಡು ತಮ್ಮ ಮನೆಗೆ ಕರೆದುಕೊಂಡು ಹೋದರು. ಕರ್ಫ್ಯೂ ಸಡಿಲವಾಗುವವರೆಗೆ ಅವನು ಅಲ್ಲೇ ಉಂಡ, ಅಲ್ಲೇ ಮಲಗಿದ. ಇಂಥದ್ದು ಯಾವ ವರದಿಯಲ್ಲೂ ಬರಲಿಲ್ಲ, ಆದ್ದರಿಂದ ಇಲ್ಲಿ ಬರೆದಿಡುತ್ತಿದ್ದೇನೆ.

ಅಕ್ಟೋಬರ್ 7ರಂದು ಬಿಮಲ್ ಗುರುಂಗ್ ಗೋರ್ಖಾ ಜನಮುಕ್ತಿ ಮೋರ್ಚಾ ಕಟ್ಟಿದರು. ಹಾಡುಗಾರ ಗೆದ್ದು ಇನ್ನೂ ಎರಡೇ ವಾರ. ಅಭಿಮಾನಿ ಸಂಘದ ಜಾಲವೇ ಪಕ್ಷದ ಜಾಲವಾಯಿತು. 2008ರ ಮಾರ್ಚ್‌ನಲ್ಲಿ ಘೀಸಿಂಗ್ ಪರಿಷತ್ತಿನ ಹುದ್ದೆ ಬಿಟ್ಟರು. ಬೆಟ್ಟದಲ್ಲಿ ಅವರಿಗೆ ಇರಲೂ ಆಗಲಿಲ್ಲ. 2009ರಲ್ಲಿ ಮೋರ್ಚಾ ಬೆಂಬಲದಿಂದ ರಾಜಸ್ಥಾನದ ಜಸ್ವಂತ್ ಸಿಂಗ್ ಡಾರ್ಜಿಲಿಂಗ್‌ನಿಂದ ಲೋಕಸಭೆಗೆ ಹೋದರು. 2011ರಲ್ಲಿ ಹೊಸ ಒಪ್ಪಂದ, ಇನ್ನೊಂದು ಸ್ವಾಯತ್ತ ಮಂಡಳಿ. 2017ರಲ್ಲಿ ನೂರು ದಿನ ದಾಟಿದ ಬಂದ್. ಪ್ರತ್ಯೇಕ ರಾಜ್ಯ ಬರಲಿಲ್ಲ.

ಇಷ್ಟೆಲ್ಲದರ ನಡುವೆ ಪ್ರಶಾಂತ್ ಏನು ಮಾಡಿದ? ಚುನಾವಣೆಗೆ ನಿಲ್ಲಲಿಲ್ಲ. ನಿಂತಿದ್ದರೆ ಆ ದಿನಗಳಲ್ಲಿ ಅವನನ್ನು ಸೋಲಿಸುವವರು ಬೆಟ್ಟದಲ್ಲಿ ಹುಟ್ಟಿರಲಿಲ್ಲ. ಇಪ್ಪತ್ನಾಲ್ಕರ ಹುಡುಗನಿಗೆ ಅದು ಸಣ್ಣ ಆಸೆಯಲ್ಲ, ಅದನ್ನು ದಾಟಿದ್ದಕ್ಕೆ ಅವನ ಮೇಲೆ ನನಗೆ ಬಹಳ ಗೌರವ. ಅವನ ಮೊದಲ ಆಲ್ಬಂ 'ಧನ್ಯವಾದ್' ಅದೇ ವರ್ಷ ಬಂತು. ಮುಂಬೈ ಸಿನಿಮಾ ಅವನನ್ನು ಹೆಚ್ಚು ಹಾಡಿಸಲಿಲ್ಲ. ಆ ಕಾರ್ಯಕ್ರಮದ ಮೊದಲ ವಿಜೇತ ಅಭಿಜಿತ್ ಸಾವಂತ್‌ಗೂ ಅಲ್ಲಿ ಹಾದಿ ಸುಲಭವಾಗಿರಲಿಲ್ಲ. ಟಿವಿ ಒಬ್ಬನನ್ನು ಗೆಲ್ಲಿಸುತ್ತದೆ, ಮುಂದಿನ ವರ್ಷ ಅದಕ್ಕೆ ಹೊಸಬ ಬೇಕು.

ಪ್ರಶಾಂತ್‌ಗೆ ದಾರಿ ತೆರೆದದ್ದು ನೇಪಾಳಿ ಸಿನಿಮಾ. ಅವನು ನಟಿಸಿ, ನಾರಾಯಣ್ ರಾಯಮಾಝಿ ನಿರ್ದೇಶಿಸಿದ 'ಗೋರ್ಖಾ ಪಲ್ಟನ್' 2010ರಲ್ಲಿ ಬಂದು ನೇಪಾಳದಲ್ಲಿ ದೊಡ್ಡ ಯಶಸ್ಸು ಕಂಡಿತು. ಆಮೇಲೆ 'ನಿಶಾನಿ', 'ಪರದೇಸಿ' ಮೊದಲಾದವು. 2025ರ ಜನವರಿಯಲ್ಲಿ ಹಿಂದಿಯ 'ಪಾತಾಳ ಲೋಕ' ಸರಣಿಯ ಎರಡನೆಯ ಭಾಗದಲ್ಲಿ, ನಾಗಾಲ್ಯಾಂಡ್‌ನ ಕತೆಯೊಳಗೆ, ಡೇನಿಯಲ್ ಎಂಬ ಹಂತಕನಾಗಿ ಕಾಣಿಸಿಕೊಂಡ. ಮಾತು ಕಡಿಮೆ, ಕಣ್ಣಲ್ಲೇ ನಟನೆ. ಅವನು ಯಾರೆಂದು ತಿಳಿಯದೆಯೇ ಜನ ಮೆಚ್ಚಿದರು.

ಅನ್ನ ಕೊಟ್ಟದ್ದು ಮಾತ್ರ ವೇದಿಕೆ. ಸಿಕ್ಕಿಂ, ಅಸ್ಸಾಂ, ನೇಪಾಳ, ಗಡಿಯಾಚೆ ಗೋರ್ಖಾಗಳು ನೆಲೆಸಿದ ಊರುಗಳು. ಹಬ್ಬಕ್ಕೆ, ಮೇಳಕ್ಕೆ ಕರೆದಲ್ಲೆಲ್ಲ ಹೋಗಿ ಹಾಡಿದ. ನೇಪಾಳಿಯಲ್ಲಿ ಹಾಡುವಾಗ ಅವನ ದನಿ ಟಿವಿಯಲ್ಲಿ ಕೇಳಿದ್ದಕ್ಕಿಂತ ಬೇರೆಯಾಗಿರುತ್ತಿತ್ತು. ಹಿಂದಿ ಹಾಡುಗಳಲ್ಲಿದ್ದ ಆ ಅಳುಕು ಅಲ್ಲಿ ನನ್ನ ಕಿವಿಗೆ ಎಲ್ಲೂ ಸಿಗಲಿಲ್ಲ.